ಮೇಲೆ ಬಿಸಿ, ಕೆಳಗೆ ತಂಪು: ಸಮುದ್ರದ ಶಾಖದಿಂದ ಕರೆಂಟು ತೆಗೆಯುವುದು ಹೇಗೆ?

ಆಳವಾದ ಬಾವಿಯಲ್ಲೋ ಕೆರೆಯಲ್ಲೋ ಈಜಿದವರಿಗೆ ಇದು ಗೊತ್ತು. ಮೇಲಿನ ನೀರು ಬೆಚ್ಚಗೆ, ಹಿತವಾಗಿರುತ್ತದೆ. ಸ್ವಲ್ಪ ಕೆಳಗೆ ಮುಳುಗಿದರೆ ಸಾಕು, ತಣ್ಣೀರು ತಗುಲಿ ಮೈ ಜುಂ ಅನ್ನುತ್ತದೆ. ನಾಲ್ಕೈದು ಮೀಟರಿನಲ್ಲೇ ಇಷ್ಟು ವ್ಯತ್ಯಾಸ ಇದ್ದರೆ, ಸಾವಿರ ಮೀಟರ್ ಆಳದ ಸಮುದ್ರದಲ್ಲಿ ಎಷ್ಟಿರಬೇಡ?

ಭೂಮಧ್ಯರೇಖೆಯ ಎರಡೂ ಕಡೆ, ಸುಮಾರು 20 ಡಿಗ್ರಿ ಅಕ್ಷಾಂಶದವರೆಗಿನ ಸಮುದ್ರವನ್ನು ತೆಗೆದುಕೊಳ್ಳಿ. ಅಲ್ಲಿ ಮೇಲ್ಪದರದ ನೀರು ವರ್ಷದ ಬಹುಪಾಲು 25ರಿಂದ 29 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನೇರ ಕೆಳಗೆ ಒಂದು ಕಿಲೋಮೀಟರ್ ಇಳಿದರೆ ಬರೀ 4-5 ಡಿಗ್ರಿ. ಫ್ರಿಜ್ಜಿನಲ್ಲಿಟ್ಟ ನೀರಿನಷ್ಟು ತಂಪು.

ಇಷ್ಟು ಬಿಸಿಲು ಬೀಳುವ ಜಾಗದಲ್ಲಿ ಅಷ್ಟು ತಣ್ಣೀರು ಎಲ್ಲಿಂದ ಬಂತು? ಅದು ಅಲ್ಲಿಯದ್ದಲ್ಲ. ಧ್ರುವಗಳ ಹತ್ತಿರ ಚಳಿಗೆ ನೀರು ತಣ್ಣಗಾಗುತ್ತದೆ, ಭಾರವಾಗುತ್ತದೆ, ಮುಳುಗುತ್ತದೆ. ಆಮೇಲೆ ತಳ ಹಿಡಿದು ನಿಧಾನವಾಗಿ, ನೂರಾರು ವರ್ಷ ತೆಗೆದುಕೊಂಡು, ಉಷ್ಣವಲಯದ ಕಡೆಗೆ ಹರಿದು ಬರುತ್ತದೆ. ಬಿಸಿಲು ಮೇಲಿನ ನೂರಿನ್ನೂರು ಮೀಟರ್ ದಾಟಿ ಕೆಳಗೆ ಹೋಗುವುದೇ ಇಲ್ಲ. ಬಿಸಿನೀರು ಹಗುರ, ತಣ್ಣೀರು ಭಾರ. ಹಾಗಾಗಿ ಎರಡೂ ಸುಲಭಕ್ಕೆ ಬೆರೆಯುವುದಿಲ್ಲ, ಒಂದರ ಮೇಲೊಂದು ಕೂತಿರುತ್ತವೆ.

ಈ 20 ಡಿಗ್ರಿಯ ವ್ಯತ್ಯಾಸದಿಂದ ವಿದ್ಯುತ್ ತೆಗೆಯುವ ವಿದ್ಯೆಗೆ ಇಂಗ್ಲಿಷಿನ ಚುಟುಕು ಹೆಸರು ಓಟೆಕ್. ಸಾಗರದ ಶಾಖವನ್ನು ವಿದ್ಯುತ್ತಾಗಿ ಬದಲಿಸುವುದು ಅಂತ ಅರ್ಥ. ಸೌರ ಫಲಕಕ್ಕೆ ರಾತ್ರಿ ರಜೆ, ಗಾಳಿಯಂತ್ರಕ್ಕೆ ಗಾಳಿ ನಿಂತಾಗ ರಜೆ. ಸಮುದ್ರದ ಶಾಖಕ್ಕೆ ಹಗಲು-ರಾತ್ರಿ ಅನ್ನುವುದಿಲ್ಲ. ಕೇಳಿದರೆ ಇಷ್ಟು ದಿನ ಯಾಕೆ ಎಲ್ಲರೂ ಇದನ್ನು ಮಾಡಿಲ್ಲ ಅನಿಸುತ್ತದೆ, ಅಲ್ವಾ? ಈ ಆಲೋಚನೆಗೆ 140 ವರ್ಷ ದಾಟಿದೆ. ಆದರೂ ಜಗತ್ತಿನಲ್ಲಿ ಒಂದೇ ಒಂದು ದೊಡ್ಡ ಓಟೆಕ್ ಸ್ಥಾವರ ಇಲ್ಲ. ಕಾರಣ ಒಂದೇ ಪದದಲ್ಲಿದೆ: ನೀರು. ವ್ಯತ್ಯಾಸ ಚಿಕ್ಕದಾದ್ದರಿಂದ ಬೇಕಾಗುವ ನೀರು ವಿಪರೀತ. ಇಂಜಿನಿಯರುಗಳ ಪಾಡು, ಖರ್ಚು, ಪರಿಸರದ ಚಿಂತೆ ಎಲ್ಲವೂ ಆ ನೀರಿನ ಹಿಂದೆಯೇ ಬರುತ್ತವೆ.

ಫ್ರಿಜ್ಜನ್ನು ತಿರುಗಾಮುರುಗಾ ಓಡಿಸಿದರೆ

ಫ್ರಿಜ್ ಏನು ಮಾಡುತ್ತದೆ? ಕರೆಂಟು ತಿಂದು, ಒಳಗೆ ತಂಪು, ಹೊರಗೆ ಬಿಸಿ ಎಂಬ ವ್ಯತ್ಯಾಸ ಹುಟ್ಟಿಸುತ್ತದೆ. ಓಟೆಕ್ ಇದರ ಉಲ್ಟಾ. ವ್ಯತ್ಯಾಸ ಮೊದಲೇ ಇದೆ, ಅದನ್ನು ತಿಂದು ಕರೆಂಟು ಕೊಡುತ್ತದೆ. ಫ್ರಿಜ್ಜಿನಲ್ಲಿರುವಂಥ ಬೇಗ ಕುದಿಯುವ ದ್ರವವೇ ಇಲ್ಲೂ ಬೇಕು.

ಹೆಚ್ಚಾಗಿ ಬಳಸುವುದು ಅಮೋನಿಯಾ. ನಮ್ಮ ಸುತ್ತಲಿನ ಮಾಮೂಲಿ ಒತ್ತಡದಲ್ಲಿ ಅದು ಮೈನಸ್ 33 ಡಿಗ್ರಿಗೇ ಕುದಿಯುತ್ತದೆ. ಅದರ ಮೇಲೆ ಒಂಬತ್ತು ಪಟ್ಟು ಒತ್ತಡ ಹಾಕಿದರೆ ಕುದಿಯುವ ಬಿಂದು ಸುಮಾರು 22 ಡಿಗ್ರಿಗೆ ಏರುತ್ತದೆ. ಅಂದರೆ 26 ಡಿಗ್ರಿಯ ಸಮುದ್ರದ ನೀರೇ ಅದಕ್ಕೆ ಒಲೆ. ಕುದಿದ ಅಮೋನಿಯಾ ಆವಿ ಟರ್ಬೈನನ್ನು ತಿರುಗಿಸಿ ಇನ್ನೊಂದು ಬದಿಗೆ ಬರುತ್ತದೆ. ಅಲ್ಲಿ ಆಳದಿಂದ ತಂದ ತಣ್ಣೀರು ಪೈಪಿನ ಆಚೆ ಹರಿಯುತ್ತಿರುತ್ತದೆ. ತಂಪಿಗೆ ಆವಿ ಮತ್ತೆ ದ್ರವವಾಗುತ್ತದೆ. ಪಂಪು ಅದನ್ನು ವಾಪಸ್ ಒಲೆಯ ಕಡೆಗೆ ತಳ್ಳುತ್ತದೆ. ಅದೇ ಅಮೋನಿಯಾ ಸುತ್ತುತ್ತಲೇ ಇರುತ್ತದೆ, ಸಮುದ್ರದ ನೀರನ್ನು ಮುಟ್ಟುವುದೇ ಇಲ್ಲ. ಇದನ್ನು ಮುಚ್ಚಿದ ಚಕ್ರ ಅನ್ನುತ್ತಾರೆ.

ಇನ್ನೊಂದು ತೆರೆದ ಚಕ್ರ. ಇದರಲ್ಲಿ ಅಮೋನಿಯಾ ಬೇಡ, ಸಮುದ್ರದ ನೀರೇ ಆವಿಯಾಗಬೇಕು. 26 ಡಿಗ್ರಿಗೆ ನೀರು ಕುದಿಯುತ್ತದಾ? ಕುದಿಯುತ್ತದೆ, ಸುತ್ತಲಿನ ಗಾಳಿಯನ್ನು ಹೊರಗೆ ಎಳೆದು ಒತ್ತಡವನ್ನು ಶೇಕಡಾ 3ಕ್ಕಿಂತ ಕೆಳಗೆ ಇಳಿಸಿದರೆ. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದಲ್ಲ, ಅದೇ ತತ್ವ. ಒಳಗೆ ಬಂದ ನೀರಿನಲ್ಲಿ ಸುಮಾರು ಅರ್ಧ ಶೇಕಡಾ ಮಾತ್ರ ಆವಿಯಾಗುತ್ತದೆ. ಆ ಆವಿ ಟರ್ಬೈನ್ ತಿರುಗಿಸಿ, ತಣ್ಣೀರಿನ ತಂಪಿಗೆ ಮತ್ತೆ ನೀರಾಗುತ್ತದೆ. ಉಪ್ಪು ಹಿಂದೆಯೇ ಉಳಿದಿರುವುದರಿಂದ ಸಿಗುವುದು ಸಿಹಿನೀರು. ಕರೆಂಟಿನ ಜೊತೆ ಕುಡಿಯುವ ನೀರು ಪುಕ್ಕಟೆ ಅನ್ನಬಹುದು. ಆದರೆ ಅಷ್ಟು ತೆಳುವಾದ ಆವಿಯನ್ನು ಹಿಡಿಯಲು ಟರ್ಬೈನ್ ದೈತ್ಯಾಕಾರದ್ದೇ ಬೇಕು. ಗಾಳಿ ಹೊರಗೆಳೆಯುವ ಪಂಪುಗಳ ಖರ್ಚು ಬೇರೆ.

ಈಗ ಲೆಕ್ಕಕ್ಕೆ ಬರೋಣ. ಶಾಖದಿಂದ ಕೆಲಸ ತೆಗೆಯುವ ಯಾವ ಯಂತ್ರಕ್ಕೂ ಪ್ರಕೃತಿ ಒಂದು ಮಿತಿ ಹಾಕಿದೆ. ಬಿಸಿ ಮತ್ತು ತಂಪಿನ ನಡುವೆ ಅಂತರ ಹೆಚ್ಚಿದಷ್ಟೂ ಲಾಭ ಹೆಚ್ಚು. ಕಲ್ಲಿದ್ದಲು ಸ್ಥಾವರದಲ್ಲಿ ಆವಿ 500 ಡಿಗ್ರಿ ದಾಟುತ್ತದೆ, ಹಾಗಾಗಿ ಶಾಖದ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ವಿದ್ಯುತ್ತಾಗುತ್ತದೆ. 25 ಮತ್ತು 5 ಡಿಗ್ರಿಯ ನಡುವೆ ಓಡುವ ಯಂತ್ರಕ್ಕೆ ಮಿತಿ ಶೇಕಡಾ 6.7. ಅದೂ ಕಾಗದದ ಮೇಲೆ. ನಿಜವಾದ ಯಂತ್ರದಲ್ಲಿ, ಪಂಪುಗಳ ಪಾಲು ಕಳೆದರೆ, ಕೈಗೆ ಸಿಗುವುದು ಶೇಕಡಾ 2-3.

ಶೇಕಡಾ 3 ಅಂದ ತಕ್ಷಣ ಮೂಗು ಮುರಿಯಬೇಡಿ. ಇಂಧನ ಪುಕ್ಕಟೆ ಇರುವಾಗ ಈ ಸಂಖ್ಯೆಯೊಂದೇ ದೊಡ್ಡ ವಿಷಯವಲ್ಲ. ಬೇರೆ ರೀತಿಯಲ್ಲಿ ನೋಡಿದರೆ ಸರಿಯಾಗಿ ಅರ್ಥವಾಗುತ್ತದೆ. ಆಳದಿಂದ ತಂದ ಒಂದು ಘನ ಮೀಟರ್ ತಣ್ಣೀರು, ಅಂದರೆ ಸಾವಿರ ಲೀಟರ್, ಸ್ಥಾವರದಲ್ಲಿ ಸುಮಾರು 3 ಡಿಗ್ರಿ ಬಿಸಿಯಾಗಿ ಹೊರಗೆ ಹೋಗುತ್ತದೆ ಅಂದುಕೊಳ್ಳಿ. ಅದು ಹೀರಿಕೊಂಡ ಶಾಖದ ಎರಡೂವರೆ ಶೇಕಡಾದಷ್ಟು ವಿದ್ಯುತ್ ಸಿಕ್ಕರೆ, ಅದೇ ನೀರು 30 ಮೀಟರ್ ಎತ್ತರದಿಂದ ಧುಮುಕಿದಾಗ ಸಿಗುವ ಶಕ್ತಿಗೆ ಸಮ. ಅಂದರೆ ಸಮುದ್ರದ ಒಳಗೆ ಕಣ್ಣಿಗೆ ಕಾಣದ 30 ಮೀಟರಿನ ಅಣೆಕಟ್ಟು ಇದೆ ಅಂದುಕೊಳ್ಳಬಹುದು. ಅದಕ್ಕೆ ಗೋಡೆ ಇಲ್ಲ, ಮುಳುಗಡೆ ಇಲ್ಲ. ಆದರೆ ನದಿಯೂ ಇಲ್ಲ. ನದಿಯನ್ನು ನಾವೇ ಪಂಪು ಹಾಕಿ ಹರಿಸಬೇಕು.

ಒಂದು ಮೆಗಾವ್ಯಾಟಿಗೆ ಸೆಕೆಂಡಿಗೆ ಮೂರು-ನಾಲ್ಕು ಘನ ಮೀಟರ್ ತಣ್ಣೀರು ಬೇಕು. ಬಿಸಿನೀರು ಅಷ್ಟೇ, ಅಥವಾ ಇನ್ನೂ ಸ್ವಲ್ಪ ಜಾಸ್ತಿ. ನೂರು ಮೆಗಾವ್ಯಾಟಿನ ಸ್ಥಾವರಕ್ಕೆ ಎರಡೂ ಸೇರಿ ಸೆಕೆಂಡಿಗೆ ಸುಮಾರು 700 ಘನ ಮೀಟರ್ ಆಗುತ್ತದೆ. ಒಲಿಂಪಿಕ್ ಈಜುಕೊಳವೊಂದು ನಾಲ್ಕು ಸೆಕೆಂಡಿನೊಳಗೆ ತುಂಬುವಷ್ಟು ನೀರು, ಹಗಲು ರಾತ್ರಿ, ವರ್ಷವಿಡೀ. ನೂರು ಮೆಗಾವ್ಯಾಟ್ ವಿದ್ಯುತ್ ಲೋಕದಲ್ಲಿ ದೊಡ್ಡದೇನೂ ಅಲ್ಲ. ಅದಕ್ಕೆ ಬೇಕಾದ ನೀರು ಮಾತ್ರ ಒಂದು ನದಿಯಷ್ಟು.

ಇಲ್ಲಿ ಹಲವರು ಒಂದು ಪ್ರಶ್ನೆ ಕೇಳುತ್ತಾರೆ. ಒಂದು ಕಿಲೋಮೀಟರ್ ಕೆಳಗಿನಿಂದ ನೀರೆತ್ತಲು ಬಂದ ಕರೆಂಟೆಲ್ಲ ಖರ್ಚಾಗುವುದಿಲ್ಲವೇ? ಆಗುವುದಿಲ್ಲ. ಒಂದು ಲೋಟದ ನೀರಿಗೆ ಸ್ಟ್ರಾ ಹಾಕಿ ನೋಡಿ. ನೀವು ಹೀರದಿದ್ದರೂ ಸ್ಟ್ರಾದೊಳಗೆ ನೀರು ಲೋಟದ ಮಟ್ಟಕ್ಕೇ ಬಂದು ನಿಂತಿರುತ್ತದೆ. ಸಮುದ್ರಕ್ಕೆ ಇಳಿಬಿಟ್ಟ ಪೈಪೂ ಹಾಗೆ. ತಣ್ಣೀರು ಸ್ವಲ್ಪ ಭಾರವಾದ್ದರಿಂದ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗೆ ನಿಲ್ಲುತ್ತದೆ. ಪಂಪು ಎತ್ತಬೇಕಾದದ್ದು ಅಷ್ಟನ್ನೇ. ಜೊತೆಗೆ ಪೈಪಿನ ಒಳಗಿನ ಉಜ್ಜಾಟವನ್ನೂ ಗೆಲ್ಲಬೇಕು. ಹೀಗಾಗಿ ದೊಡ್ಡ ಸ್ಥಾವರದಲ್ಲಿ ಹುಟ್ಟಿದ ವಿದ್ಯುತ್ತಿನ ಶೇಕಡಾ 20ರಿಂದ 30 ಪಂಪುಗಳಿಗೆ ಹೋಗುತ್ತದೆ. ಚಿಕ್ಕ ಸ್ಥಾವರದಲ್ಲಿ ಇದು ಎಷ್ಟೋ ಜಾಸ್ತಿ.

ಎಲ್ಲಾ ಪೈಪಿನದ್ದೇ ಗೋಳು

ಈ ಆಲೋಚನೆ ಮೊದಲು ಮುಂದಿಟ್ಟವರು ಫ್ರಾನ್ಸಿನ ವಿಜ್ಞಾನಿ ಜಾಕ್ ಆರ್ಸೇನ್ ದ ಆರ್ಸೋನ್ವಾಲ್, 1881ರಲ್ಲಿ. ಅವರು ಕಟ್ಟಿ ನೋಡಲಿಲ್ಲ. ಕಟ್ಟಿದ್ದು ಅವರ ಶಿಷ್ಯ ಜಾರ್ಜ್ ಕ್ಲೋಡ್. ನಿಯಾನ್ ದೀಪ ಕಂಡುಹಿಡಿದು ಹಣ, ಹೆಸರು ಎರಡನ್ನೂ ಮಾಡಿದ್ದ ಆಸಾಮಿ. ಕ್ಯೂಬಾದ ಮತಾಂಜಾಸ್ ಕೊಲ್ಲಿಯಲ್ಲಿ ಸುಮಾರು ಎರಡು ಕಿಲೋಮೀಟರ್ ಉದ್ದದ ಪೈಪನ್ನು ಇಳಿಸಲು ಹೊರಟರು. ಮೊದಲ ಪೈಪುಗಳು ಸಮುದ್ರದ ಪಾಲಾದವು. ಬಿಡದೆ ಮತ್ತೆ ಇಳಿಸಿದರು. 1930ರಲ್ಲಿ ಅಂತೂ 22 ಕಿಲೋವ್ಯಾಟ್ ವಿದ್ಯುತ್ ಹುಟ್ಟಿತು. ಆ ಸ್ಥಾವರ ಓಡಲು ಬೇಕಾಗಿದ್ದ ವಿದ್ಯುತ್ ಮಾತ್ರ ಅದಕ್ಕಿಂತ ಹೆಚ್ಚು! ಕೆಲವೇ ದಿನಗಳಲ್ಲಿ ಆ ಪೈಪೂ ಹೋಯಿತು. ಕ್ಲೋಡ್ ಸುಮ್ಮನಾಗಲಿಲ್ಲ. 1935ರ ಹೊತ್ತಿಗೆ ಒಂದು ಸರಕು ಹಡಗಿನ ಮೇಲೆ ಸ್ಥಾವರ ಕಟ್ಟಿ ಬ್ರೆಜಿಲ್ ಕಡಲಿಗೆ ಹೋದರು. ಅಲ್ಲೂ ಅಲೆಗಳು ಪೈಪನ್ನು ನಿಲ್ಲಲು ಬಿಡಲಿಲ್ಲ.

ಆಮೇಲೆ ದಶಕಗಳ ಕಾಲ ಎಲ್ಲರೂ ಇದನ್ನು ಮರೆತೇಬಿಟ್ಟಿದ್ದರು. 1970ರ ದಶಕದಲ್ಲಿ ಪೆಟ್ರೋಲ್ ಬೆಲೆ ಗಗನಕ್ಕೇರಿದಾಗ ಮತ್ತೆ ನೆನಪಾಯಿತು. ಹವಾಯಿ ದ್ವೀಪದ ಕೇಆಹೋಲೆ ಭೂಶಿರದಲ್ಲಿ 1974ರಲ್ಲಿ ಇದಕ್ಕೆಂದೇ ಒಂದು ಪ್ರಯೋಗಾಲಯ ಶುರುವಾಯಿತು. ಅಲ್ಲಿ ಕಡಲ ತಳ ದಡದಿಂದಲೇ ಕಡಿದಾಗಿ ಇಳಿಯುತ್ತದೆ. ಪೈಪು ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1979ರಲ್ಲಿ ಅದೇ ಕಡಲಿನಲ್ಲಿ ತೇಲುವ ದೋಣಿಯೊಂದರ ಮೇಲಿನ ಪುಟ್ಟ ಸ್ಥಾವರ 50 ಕಿಲೋವ್ಯಾಟ್ ಹುಟ್ಟಿಸಿತು. ಪಂಪುಗಳಿಗೆ ಹೋಗಿ ಮಿಕ್ಕಿದ್ದು ಹತ್ತು-ಹದಿನೈದು ಕಿಲೋವ್ಯಾಟ್. ಕಡಿಮೆ ನಿಜ. ಆದರೆ ತಾನು ತಿಂದದ್ದಕ್ಕಿಂತ ಹೆಚ್ಚು ಕೊಟ್ಟ ಮೊದಲ ಓಟೆಕ್ ಅದು. 1981ರಲ್ಲಿ ಜಪಾನಿನವರು ನೌರು ದ್ವೀಪದಲ್ಲಿ 120 ಕಿಲೋವ್ಯಾಟ್ ಹುಟ್ಟಿಸಿದರು. ಅದರಲ್ಲಿ ಸುಮಾರು 30 ಕಿಲೋವ್ಯಾಟ್ ಮಿಕ್ಕಿತು. 1993ರಿಂದ 1998ರವರೆಗೆ ಕೇಆಹೋಲೆಯಲ್ಲಿ ತೆರೆದ ಚಕ್ರದ ಸ್ಥಾವರ ಓಡಿ, ಒಳ್ಳೆಯ ದಿನಗಳಲ್ಲಿ ನೂರು ಕಿಲೋವ್ಯಾಟಿನಷ್ಟು ಉಳಿಸಿತ್ತು.

ಭಾರತವೂ ಕೈಹಾಕಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2000ದ ದಶಕದ ಆರಂಭದಲ್ಲಿ ತೂತ್ತುಕುಡಿ ಕಡಲಿನಲ್ಲಿ ಒಂದು ಮೆಗಾವ್ಯಾಟಿನ ತೇಲುವ ಸ್ಥಾವರಕ್ಕೆ ಹೊರಟಿತ್ತು. ಅಲ್ಲೂ ಎಡವಿದ್ದು ಪೈಪಿನಲ್ಲೇ. ಸುಮಾರು ಒಂದು ಕಿಲೋಮೀಟರ್ ಉದ್ದದ ಪೈಪನ್ನು ಜೋಡಿಸಿ ನಿಲ್ಲಿಸಲು ಆಗಲಿಲ್ಲ. ಆ ಅನುಭವ ವ್ಯರ್ಥವಾಗಲಿಲ್ಲ ಅನ್ನುವುದು ಸಮಾಧಾನ. ಅದೇ ಸಂಸ್ಥೆ 2005ರಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ, ಸುಮಾರು 350 ಮೀಟರ್ ಆಳದ ತಣ್ಣೀರು ತಂದು, ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಸ್ಥಾವರ ನಿಲ್ಲಿಸಿತು. ತೆರೆದ ಚಕ್ರದಿಂದ ಟರ್ಬೈನನ್ನು ತೆಗೆದುಹಾಕಿದರೆ ಉಳಿಯುವುದು ಇದೇ. ಆಮೇಲೆ ಬೇರೆ ದ್ವೀಪಗಳಿಗೂ ಇದು ಹೋಯಿತು.

ಇತ್ತೀಚಿನದ್ದು ನೋಡಿದರೆ, ಜಪಾನಿನ ಕುಮೇ ದ್ವೀಪದಲ್ಲಿ 2013ರಿಂದ 100 ಕಿಲೋವ್ಯಾಟಿನದ್ದು, ಕೇಆಹೋಲೆಯಲ್ಲಿ 2015ರಲ್ಲಿ ವಿದ್ಯುತ್ ಜಾಲಕ್ಕೆ ಸೇರಿದ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. 2019ರಲ್ಲಿ ದಕ್ಷಿಣ ಕೊರಿಯಾದವರು ಒಂದು ಮೆಗಾವ್ಯಾಟಿನ ಯಂತ್ರವನ್ನು ಬುಸಾನ್ ಹತ್ತಿರದ ಕಡಲಲ್ಲಿ ಪರೀಕ್ಷಿಸಿದರು. ಅಲ್ಲಿನ ಸಮುದ್ರ ಅಷ್ಟು ಬೆಚ್ಚಗಿಲ್ಲ, ಹಾಗಾಗಿ ಬಂದದ್ದು 338 ಕಿಲೋವ್ಯಾಟ್. ಇಂಥ ಯಂತ್ರಗಳು ತಾಪಮಾನಕ್ಕೆ ತುಂಬಾ ಸೂಕ್ಷ್ಮ. ವ್ಯತ್ಯಾಸದಲ್ಲಿ ಒಂದೇ ಒಂದು ಡಿಗ್ರಿ ಕಡಿಮೆಯಾದರೂ ಕೈಗೆ ಸಿಗುವ ವಿದ್ಯುತ್ ಶೇಕಡಾ 10ರಿಂದ 15ರಷ್ಟು ಕುಸಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಗೆ ಇಲ್ಲ, ಸರಿ. ನೀರು?

ಪರಿಸರದ ವಿಷಯಕ್ಕೆ ಬಂದಾಗ ಓಟೆಕ್ ಪರ ಮಾತಾಡುವವರು ಮೊದಲು ಹೇಳುವುದು ಹೊಗೆ ಇಲ್ಲ, ಬೂದಿ ಇಲ್ಲ ಅಂತ. ಅದು ನಿಜ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಒಂದು ನದಿಯಷ್ಟು ನೀರನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಬಿಡುತ್ತೀರಲ್ಲ, ಎಲ್ಲಿ ಬಿಡುತ್ತೀರಿ? ಪರಿಸರದ ಮಟ್ಟಿಗೆ ಇಡೀ ಯೋಜನೆಯಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇಲ್ಲ ಅಂತ ನನಗನಿಸುತ್ತದೆ.

ಯಾಕೆಂದರೆ ಆಳದ ನೀರು ಬರೀ ತಣ್ಣೀರಲ್ಲ, ಗೊಬ್ಬರದ ನೀರು. ಸಮುದ್ರದ ಮೇಲ್ಪದರದಲ್ಲಿ ಬಿಸಿಲಿದೆ. ಅಲ್ಲಿ ಕಣ್ಣಿಗೆ ಕಾಣದ ಸಸ್ಯಗಳು, ಅಂದರೆ ಪ್ಲಾಂಕ್ಟನ್, ಬೆಳೆಯುತ್ತವೆ. ಅವನ್ನು ತಿನ್ನುವ ಪುಟ್ಟ ಜೀವಿಗಳು, ಅವನ್ನು ತಿನ್ನುವ ಮೀನು, ಹೀಗೆ ಸಾಗುತ್ತದೆ. ಇವೆಲ್ಲದರ ಹಿಕ್ಕೆ, ಸತ್ತ ದೇಹಗಳ ಚೂರು ಕೆಳಗೆ ಉದುರುತ್ತಲೇ ಇರುತ್ತವೆ. ಆಳದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಿ ನೈಟ್ರೇಟು, ಫಾಸ್ಫೇಟು ಮಾಡಿಡುತ್ತವೆ. ಕತ್ತಲಲ್ಲಿ ಅದನ್ನು ಬಳಸುವ ಸಸ್ಯವಿಲ್ಲ, ಹಾಗಾಗಿ ಗೊಬ್ಬರ ಅಲ್ಲೇ ಕೂಡಿಬಿದ್ದಿರುತ್ತದೆ. ಮೇಲೆ ಬಿಸಿಲಿದೆ, ಗೊಬ್ಬರವಿಲ್ಲ. ಉಷ್ಣವಲಯದ ಕಡಲು ಅಷ್ಟು ತಿಳಿಯಾಗಿ, ನೀಲಿಯಾಗಿ ಕಾಣುವುದು ಅದಕ್ಕೇ. ನೋಡಲು ಚಂದ, ಒಳಗೆ ಹೆಚ್ಚುಕಡಿಮೆ ಮರುಭೂಮಿ.

ಆಳದ ಗೊಬ್ಬರ ಬಿಸಿಲಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಪೆರು ದೇಶದ ಕರಾವಳಿ ಇದೆ. ಅಲ್ಲಿ ಗಾಳಿಯ ತಳ್ಳಾಟಕ್ಕೆ ಕೆಳಗಿನ ನೀರು ತಾನಾಗಿಯೇ ಮೇಲೇಳುತ್ತದೆ. ಜಗತ್ತಿನ ಅತಿ ದೊಡ್ಡ ಮೀನುಗಾರಿಕೆಗಳಲ್ಲಿ ಒಂದು ಅಲ್ಲೇ ನಡೆಯುತ್ತದೆ. ಹಾಗಾದರೆ ಓಟೆಕ್ ನೀರನ್ನು ಮೇಲೇ ಬಿಟ್ಟರೆ ಮೀನು ಜಾಸ್ತಿಯಾಗುತ್ತದಲ್ಲ, ಒಳ್ಳೆಯದೇ ಅಲ್ವಾ? ಹೀಗೆ ವಾದಿಸುವವರೂ ಇದ್ದಾರೆ. ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಪೆರುವಿನ ಕಡಲಿನ ಜೀವಿಗಳು ಆ ಗೊಬ್ಬರಕ್ಕೆ ಹೊಂದಿಕೊಂಡೇ ಬೆಳೆದಂಥವು. ಗೊಬ್ಬರವಿಲ್ಲದ ತಿಳಿನೀರಿಗೆ ಹೊಂದಿಕೊಂಡ ಕಡಲಿನಲ್ಲಿ ಯಾವ ಪಾಚಿ ಮೊದಲು ಎದ್ದು ನಿಲ್ಲುತ್ತದೆ ಎಂದು ಮುಂಚೆಯೇ ಹೇಳಲಾಗುವುದಿಲ್ಲ. ಕೆಲವು ಪಾಚಿಗಳು ವಿಷಕಾರಿ. ಪಾಚಿ ಒಟ್ಟಿಗೇ ಹೆಚ್ಚಿ ಒಟ್ಟಿಗೇ ಸತ್ತರೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಹತ್ತಿರದಲ್ಲಿ ಹವಳದ ದಿಬ್ಬಗಳಿದ್ದರೆ ಇನ್ನೂ ಕಷ್ಟ. ಗೊಬ್ಬರ ಹೆಚ್ಚಾದ ಕಡೆ ಪಾಚಿ ಹವಳವನ್ನು ಮುಚ್ಚಿಹಾಕುತ್ತದೆ. ಅದಲ್ಲದೆ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಹುಳಿಯ ಅಂಶ ಸ್ವಲ್ಪ ಜಾಸ್ತಿ. ಚಿಪ್ಪು ಕಟ್ಟುವ ಜೀವಿಗಳಿಗೆ ಎರಡೂ ಆಗಿಬರುವುದಿಲ್ಲ.

ಇದಕ್ಕೆ ಇಂಜಿನಿಯರುಗಳ ಉತ್ತರ: ಬಳಸಿದ ಬಿಸಿನೀರು ಮತ್ತು ತಣ್ಣೀರನ್ನು ಬೆರೆಸಿ, ಇನ್ನೊಂದು ಪೈಪಿನಲ್ಲಿ 70-100 ಮೀಟರ್ ಕೆಳಗೆ ಬಿಡುವುದು. ಬೆರೆತ ನೀರು ಸುತ್ತಲಿನ ನೀರಿಗಿಂತ ಭಾರ, ಹಾಗಾಗಿ ಬಿಟ್ಟಲ್ಲಿಂದ ಇನ್ನೂ ಮುಳುಗಿ, ತನ್ನಷ್ಟೇ ತೂಕದ ನೀರು ಸಿಕ್ಕ ಮಟ್ಟದಲ್ಲಿ ಹರಡಿಕೊಳ್ಳುತ್ತದೆ. ಅಲ್ಲಿ ಬಿಸಿಲು ಮಂದ, ಪಾಚಿಗೆ ಗೊಬ್ಬರ ಸಿಕ್ಕರೂ ಬೆಳಕು ಸಾಲದು. ಇದರಲ್ಲೊಂದು ಒಳ್ಳೆಯ ಸಂಗತಿಯಿದೆ. ತಣ್ಣಗಾದ ನೀರನ್ನು ಮೇಲೇ ಬಿಟ್ಟರೆ ಅದು ಸುತ್ತಿ ಬಂದು ಸ್ಥಾವರದ ಬಿಸಿನೀರಿನ ಬಾಯಿಗೇ ಸೇರಬಹುದು. ಒಂದು ಡಿಗ್ರಿ ಇಳಿದರೆ ವಿದ್ಯುತ್ ಎಷ್ಟು ಕುಸಿಯುತ್ತದೆ ಅಂತ ಆಗಲೇ ನೋಡಿದೆವಲ್ಲ. ಹಾಗಾಗಿ ನೀರನ್ನು ಆಳಕ್ಕೆ ಬಿಡುವುದು ಕಡಲಿಗೆ ಮಾತ್ರವಲ್ಲ, ಸ್ಥಾವರದ ಮಾಲೀಕರಿಗೂ ಒಳ್ಳೆಯದು. ಪರಿಸರದ ವಿಷಯದಲ್ಲಿ ಹೀಗೆ ಇಬ್ಬರ ಹಿತವೂ ಕೂಡಿಬರುವುದು ಅಪರೂಪ. ತೊಡಕು ಅಂದರೆ ಆ ಹೆಚ್ಚುವರಿ ಪೈಪಿನ ಖರ್ಚು. ಖರ್ಚು ಉಳಿಸಬೇಕು ಅಂದಾಗ ಮೊದಲು ಕತ್ತರಿ ಬೀಳುವುದು ಇಂಥದ್ದಕ್ಕೇ.

ಒಳಗೆ ಎಳೆಯುವಾಗಲೂ ತೊಂದರೆಯಿದೆ. ದೊಡ್ಡ ಮೀನುಗಳನ್ನು ಜಾಲರಿ ತಡೆಯುತ್ತದೆ, ನೀರನ್ನು ನಿಧಾನವಾಗಿ ಎಳೆದರೆ ಮೀನು ಈಜಿ ತಪ್ಪಿಸಿಕೊಳ್ಳುತ್ತದೆ. ಮೀನಿನ ಮೊಟ್ಟೆ, ಮರಿ, ಪ್ಲಾಂಕ್ಟನ್ ಹಾಗೆ ತಪ್ಪಿಸಿಕೊಳ್ಳಲಾರವು. ಪಂಪು, ಕೊಳವೆ, ಒತ್ತಡ, ತಾಪ ಎಲ್ಲವನ್ನೂ ದಾಟಿ ಎಷ್ಟು ಬದುಕುತ್ತವೆ ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಬಿಸಿನೀರಿನ ಬಾಯಿ ಮೀನುಗಳು ಮೊಟ್ಟೆಯಿಡುವ ಜಾಗದ ಹತ್ತಿರ ಇರಲೇಬಾರದು ಅನ್ನುವುದು ಮಾತ್ರ ಎಲ್ಲ ಕಡೆಗೂ ಹೊಂದುವ ಮಾತು. ಇನ್ನೊಂದು ವಿಚಿತ್ರವಿದೆ. ಖಾಲಿ ಕಡಲಿನಲ್ಲಿ ಏನೇ ತೇಲುತ್ತಿದ್ದರೂ ಮೀನುಗಳು ಅದರ ನೆರಳಿಗೆ ಬಂದು ಸೇರುತ್ತವೆ. ಅಂದರೆ ಸ್ಥಾವರವೇ ಮೀನನ್ನು ಕರೆದು, ಸ್ಥಾವರವೇ ಅದರ ಮರಿಗಳನ್ನು ನುಂಗುವ ಹಾಗಾಗಬಹುದು.

ಶಾಖ ದಾಟಿಸುವ ತಟ್ಟೆಗಳ ಮೇಲೆ ಬೆಚ್ಚನೆಯ ನೀರಿನ ಬದಿಯಲ್ಲಿ ಬೇಗ ಲೋಳೆ ಕಟ್ಟುತ್ತದೆ. ಕೂದಲೆಳೆಯಷ್ಟು ಕಟ್ಟಿದರೂ ಶಾಖ ದಾಟುವುದು ಕಡಿಮೆಯಾಗುತ್ತದೆ. ಅದನ್ನು ತಡೆಯಲು ಕ್ಲೋರಿನ್ ಹಾಕಬೇಕು. ಕ್ಲೋರಿನ್ ಅಂದರೆ ಭಯ ಸಹಜ. ಹವಾಯಿಯಲ್ಲಿ ಪರೀಕ್ಷೆ ಮಾಡಿದಾಗ ಲೀಟರಿಗೆ 0.07 ಮಿಲಿಗ್ರಾಂ, ಅದೂ ದಿನಕ್ಕೆ ಒಂದೇ ಗಂಟೆ ಹಾಕಿದರೆ ಸಾಕಾಯಿತು. ಕುಡಿಯುವ ನೀರಿಗೆ ಸಾಮಾನ್ಯವಾಗಿ ಹಾಕುವುದಕ್ಕಿಂತ ಇದು ಎಷ್ಟೋ ಕಡಿಮೆ. ತಣ್ಣೀರಿನ ಬದಿಯಲ್ಲಿ ಈ ಕಾಟವೇ ಇಲ್ಲ ಅನ್ನಬಹುದು. ಅಮೋನಿಯಾ ಸೋರಿಕೆ ಇದಕ್ಕಿಂತ ಗಂಭೀರ ವಿಷಯ. ಹತ್ತಿರದ ಮೀನಿಗೂ ಕೆಲಸಗಾರರಿಗೂ ಅದು ವಿಷ. ಐಸ್ ಕಾರ್ಖಾನೆಗಳಲ್ಲಿ ದಶಕಗಳಿಂದ ಅಮೋನಿಯಾ ನಿಭಾಯಿಸುತ್ತಿದ್ದೇವೆ ನಿಜ, ಆದರೆ ಅವು ಅಲೆಗಳ ಮೇಲೆ ತೇಲುವುದಿಲ್ಲ. ಅಮೋನಿಯಾ ಬೇಡವೆಂದು ಆರ್-134ಎ ಥರದ ಫ್ರಿಜ್ ಅನಿಲ ಬಳಸಿದರೆ ಇನ್ನೊಂದು ಪಾಪ. ಅದು ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ಇಂಗಾಲದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಓಟೆಕ್‌ನಿಂದ ಇಂಗಾಲವೇ ಹೊರಬರುವುದಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಆಳದ ನೀರು ತಣ್ಣಗಿದೆ, ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ. ಸೋಡಾ ಬಾಟಲಿ ತೆರೆದಂತೆ, ಮೇಲೆ ಬಂದು ಬೆಚ್ಚಗಾದಾಗ ಒಂದಷ್ಟು ಹೊರಗೆ ಹೋಗುತ್ತದೆ. ತೆರೆದ ಚಕ್ರದಲ್ಲಿ ಗಾಳಿಯನ್ನು ಬೇಕೆಂದೇ ಹೊರಗೆಳೆಯುವುದರಿಂದ ಇದು ಇನ್ನೂ ಹೆಚ್ಚು. ಆದರೂ ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲು ಬಿಡುವುದರ ಸಣ್ಣ ಪಾಲು ಇದು. ಮುಚ್ಚಿದ ಚಕ್ರದಲ್ಲಿ ನೀರನ್ನು ಗಾಳಿಗೆ ತೆರೆಯದೆ ಆಳಕ್ಕೇ ಬಿಟ್ಟರೆ ಇನ್ನೂ ಕಡಿಮೆ. ಮತ್ತೆ ಅದೇ ಪ್ರಶ್ನೆಗೆ ಬಂದೆವು ನೋಡಿ: ಎಲ್ಲಿ ಬಿಡುತ್ತೀರಿ?

ಎಷ್ಟು ತೆಗೆದರೆ ಜಾಸ್ತಿಯಾಯಿತು?

ಒಂದು ಸ್ಥಾವರದಿಂದ ಸಮುದ್ರ ತಣ್ಣಗಾಗುವುದಿಲ್ಲ. ಸಾವಿರಾರು ಆದರೆ? ಹವಾಯಿ ವಿಶ್ವವಿದ್ಯಾಲಯದ ಜೆರಾರ್ಡ್ ನಿಹೂಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಇಡೀ ಸಾಗರದ ಮಾದರಿ ಕಟ್ಟಿ ಇದನ್ನು ಲೆಕ್ಕ ಹಾಕಿದ್ದಾರೆ. ಸಾಗರದ ತಾಪಮಾನವನ್ನು ಹೆಚ್ಚು ಕದಡದೆ ಜಗತ್ತಿನಾದ್ಯಂತ ಸುಮಾರು 7 ಟೆರಾವ್ಯಾಟ್ ತೆಗೆಯಬಹುದು ಅನ್ನುವುದು ಅವರ ಅಂದಾಜು. ಈಗ ಇಡೀ ಜಗತ್ತು ಬಳಸುವ ವಿದ್ಯುತ್ ಸರಾಸರಿ ಮೂರು-ಮೂರೂವರೆ ಟೆರಾವ್ಯಾಟ್. ಅಂದರೆ ಅದರ ಎರಡು ಪಟ್ಟು.

ಅದಕ್ಕೂ ಮೀರಿ ಹೋದರೆ ಉಷ್ಣವಲಯದ ಮೇಲ್ಪದರ ತಣ್ಣಗಾಗುತ್ತದೆ, ದೂರದ ತಂಪು ಕಡಲುಗಳು ಬೆಚ್ಚಗಾಗುತ್ತವೆ, ಆಳದ ಹರಿವು ಬದಲಾಗುತ್ತದೆ. ಕೊನೆಗೆ ಬಿಸಿ-ತಂಪಿನ ವ್ಯತ್ಯಾಸವೇ ಕುಗ್ಗಿ, ಸ್ಥಾವರ ಹೆಚ್ಚಿಸಿದಷ್ಟೂ ವಿದ್ಯುತ್ ಕಡಿಮೆಯಾಗುವ ಘಟ್ಟ ಬರುತ್ತದೆ. ಮೇಲ್ಪದರ ತಣ್ಣಗಾಗುವುದನ್ನು ಕೇಳಿ, ಹಾಗಾದರೆ ಭೂಮಿ ಬಿಸಿಯಾಗುವುದಕ್ಕೆ ಇದೇ ಮದ್ದು ಅಂತ ಖುಷಿಪಡಬೇಡಿ. ಶಾಖ ಎಲ್ಲಿಗೂ ಹೋಗಿರುವುದಿಲ್ಲ, ಕೆಳಗಿಳಿದು ಕೂತಿರುತ್ತದೆ ಅಷ್ಟೇ. ಯಾವತ್ತೋ ಪಂಪು ನಿಲ್ಲಿಸಿದರೆ ಮೇಲ್ಪದರ ಮತ್ತೆ ಬಿಸಿಯಾಗುತ್ತದೆ. ಆದರೆ ಇವೆಲ್ಲ ಸದ್ಯಕ್ಕೆ ದೂರದ ಮಾತು. 7 ಟೆರಾವ್ಯಾಟ್ ಅಂದರೆ 70 ಲಕ್ಷ ಮೆಗಾವ್ಯಾಟ್. ನಾವಿನ್ನೂ ಒಂದು ಮೆಗಾವ್ಯಾಟಿನ ಹತ್ತಿರ ತಡಕಾಡುತ್ತಿದ್ದೇವೆ.

ಸದ್ಯಕ್ಕೆ ಇದು ಲೆಕ್ಕಕ್ಕೆ ಕೂರುವುದು ದ್ವೀಪಗಳಲ್ಲಿ. ಅಲ್ಲಿ ವಿದ್ಯುತ್ತಿಗೆ ಡೀಸೆಲ್ ಹಡಗಿನಲ್ಲಿ ಬರಬೇಕು, ಸಿಹಿನೀರಿಗೆ ಬರ, ಆಳದ ಕಡಲು ಪಕ್ಕದಲ್ಲೇ. ಜೊತೆಗೆ ತಣ್ಣೀರಿಗೆ ಬೇರೆ ಗಿರಾಕಿಗಳೂ ಇದ್ದಾರೆ. ಕುಮೇ ದ್ವೀಪದಲ್ಲಿ ಆಳದ ನೀರಿನಿಂದ ಸೀಗಡಿ, ತಿನ್ನುವ ಕಡಲಪಾಚಿ ಬೆಳೆಸುತ್ತಾರೆ. ಆ ನೀರು ತಣ್ಣಗಿದೆ, ಅದರಲ್ಲಿ ರೋಗಾಣು ತೀರಾ ಕಡಿಮೆ, ಗೊಬ್ಬರ ಹೇರಳ. ಕಡಲಿಗೆ ಹಾಗೇ ಬಿಟ್ಟರೆ ತೊಂದರೆ ಕೊಡುವ ಅದೇ ಗೊಬ್ಬರ, ತೊಟ್ಟಿಯಲ್ಲಿ ಹಿಡಿದಿಟ್ಟರೆ ಬೆಳೆ. ತಣ್ಣೀರನ್ನು ಕಟ್ಟಡದ ಎಸಿಗೆ ಬಳಸುವುದು ಇನ್ನೂ ಸುಲಭ, ಟರ್ಬೈನೇ ಬೇಡ. ಕೆನಡಾದ ಟೊರಾಂಟೊ ನಗರದ ಕಟ್ಟಡಗಳು 2004ರಿಂದ ಸರೋವರದ ಸುಮಾರು 83 ಮೀಟರ್ ಆಳದ ನೀರಿನ ತಂಪು ಬಳಸುತ್ತಿವೆ. ನನ್ನನ್ನು ಕೇಳಿದರೆ, ಓಟೆಕ್ ಮೊದಲು ಬದುಕಿಕೊಳ್ಳುವುದು ಹೀಗೆ, ತಂಪು, ಸಿಹಿನೀರು, ಮೀನು ಎಲ್ಲದರ ಜೊತೆ ಕರೆಂಟೂ ಒಂದು ಅನ್ನುವ ರೀತಿಯಲ್ಲಿ.

ಪರಿಸರದ ಬಗ್ಗೆ ಮೇಲೆ ಹೇಳಿದ್ದರಲ್ಲಿ ಬಹುಪಾಲು ಚಿಕ್ಕ ಸ್ಥಾವರಗಳ ಅನುಭವ ಮತ್ತು ಕಂಪ್ಯೂಟರ್ ಮಾದರಿಗಳಿಂದ ಬಂದದ್ದು. ದೊಡ್ಡದೊಂದು ವರ್ಷಗಟ್ಟಲೆ ಓಡಿ, ಅದರ ಸುತ್ತಲಿನ ಕಡಲನ್ನು ಯಾರೂ ಅಳೆದು ನೋಡಿಲ್ಲ. ಹೀಗಾಗಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಹಲವರು ಮೊದಲು 5ರಿಂದ 10 ಮೆಗಾವ್ಯಾಟಿನ ಒಂದು ತೇಲುವ ಸ್ಥಾವರ ಕಟ್ಟಿ ನೋಡಿ ಅನ್ನುತ್ತಾರೆ. ಎರಡು ಮೂರು ವರ್ಷ ಎಡೆಬಿಡದೆ ಓಡಿಸಬೇಕು. ಬಿಟ್ಟ ನೀರು ಎಷ್ಟು ಆಳಕ್ಕೆ ಇಳಿಯಿತು, ಪಾಚಿ ಎಷ್ಟು ಹೆಚ್ಚಿತು, ಎಷ್ಟು ಮೊಟ್ಟೆ-ಮರಿ ಸತ್ತವು, ಎಲ್ಲವನ್ನೂ ಅಳೆಯಬೇಕು. ಸ್ಥಾವರ ಬರುವ ಮುಂಚೆ ಆ ಜಾಗದ ಕಡಲು ಹೇಗಿತ್ತು ಎಂಬುದನ್ನೂ ಒಂದೆರಡು ವರ್ಷ ಅಳೆದಿಟ್ಟಿರಬೇಕು, ಇಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸುವುದು? ವಿದ್ಯುತ್ ಮಾರಿ ಅದರ ಖರ್ಚು ಹುಟ್ಟುವುದಿಲ್ಲ. ಹತ್ತು ಮೆಗಾವ್ಯಾಟಿಗೆ ಬೇಕಾದ, ಮೂರ್ನಾಲ್ಕು ಮೀಟರ್ ಅಗಲದ, ಒಂದು ಕಿಲೋಮೀಟರ್ ಉದ್ದದ ಆ ಪೈಪಿಗೆ ಯಾರು ಹಣ ಹಾಕುತ್ತಾರೆ ಎಂಬಲ್ಲಿ ಮಾತು ಬಂದು ನಿಂತಿದೆ.